ರಸಮಟ್ಟ

ಎಂಬತ್ತು ಎಂದಿದ್ದೆಯಲ್ಲ, ಅದೆರಿತು,
ಹಳೇ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ನಿನ್ನ ಕೈಯಾರೆ ಬರೆದು
ಎಂಬತ್ತರ ಕೆಳಗೆ ಎರಡು ಗೆರೆ ಎಳೆದಿದ್ದೆ,
ಇನ್ನು ಇದರ ಮೇಲೆ ಮಾತಿಲ್ಲ ಎನ್ನುವ ಹಾಗೆ.

ಸಂಜೆ ಚೀಟಿ ಬಂತು: ಇನ್ನೂರ ಹದಿನೇಳು ಯೂರೋ.

ಓದಿದೆ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ.
ಬಂದುಹೋದ ಖರ್ಚು ಮೂವತ್ತೈದು.
ಬರದೆ ಹೇಗೆ ರಿಪೇರಿ ಮಾಡುತ್ತಿದ್ದೆ ಮಾರಾಯ,
ದೋರೂ ನದಿಯ ಆಚೆ ದಡದಿಂದ ಮಂತ್ರ ಊದಿಯೇ?
ಶನಿವಾರದ ದರ ನಲವತ್ತು.
ಶುಕ್ರವಾರ ಬರುತ್ತೇನೆಂದು ಬಾರದವನು ನೀನು.
ನಾಲ್ಕನೇ ಮಹಡಿ ಹತ್ತಿದ್ದಕ್ಕೆ ಇಪ್ಪತ್ತೆರಡು.
ಅದೇ ಮೆಟ್ಟಿಲನ್ನು ಎಪ್ಪತ್ತಮೂರರ ಈ ಮಂಡಿಯಲ್ಲಿ
ಆಲೂಗಡ್ಡೆ ಚೀಲ ಹೊತ್ತು ದಿನಾ ಪುಕ್ಕಟೆ ಹತ್ತುತ್ತೇನೆ.
ಕೊನೆಗೆ, ಮೂಲೆಯಲ್ಲಿ, ನಾಚಿಕೊಂಡ ಅಕ್ಷರದಲ್ಲಿ,
ಇತರೆ: ನಲವತ್ತು.

ಹಾಳಾಗಿದ್ದದ್ದು ಒಂದು ವಾಷರು, ಕಾಲುಂಗುರದಷ್ಟು.
ಮೂಗಿಗಿಂತ ಮೂಗುತಿ ಭಾರ.

ಇತರೆ ಅಂದರೆ ಏನು, ಕೇಳಿದೆ.
ಇತರೆ ಅಂದರೆ ಇತರೆ, ದೋನಾ ದಿಯೊಲಿಂಡಾ,
ಅಂದೆ, ನೆಲ ನೋಡುತ್ತ.
ಕೆಳಮಹಡಿಯ ಬಾಗಿಲು ಒಂದಿಂಚು ತೆರೆಯಿತು.
ಅವರಿಗೂ ಕೇಳಲಿ ಎಂದು ದನಿ ಏರಿಸಿದೆ.
ನೀನೂ ಏರಿಸಿದೆ, ನನ್ನ ಅಡುಗೆಮನೆಯಲ್ಲಿ ನಿಂತು,
ನನ್ನ ಕಾಫಿ ಕುಡಿದ ಬಾಯಲ್ಲಿ.

ನೂರ ಎಪ್ಪತ್ತೇಳು ಎಣಿಸಿಕೊಟ್ಟೆ.
ಇತರೆ ಕೊಡಲಿಲ್ಲ.
ನೀನು ಬಾಗಿಲೆಳೆದುಕೊಂಡ ರಭಸಕ್ಕೆ
ಗೋಡೆಯ ಸಂತ ಅಂತೋನಿ ಒಂದು ಕಡೆ ವಾಲಿದ.

ರಾತ್ರಿ ನಿದ್ದೆ ಹತ್ತಲಿಲ್ಲ.
ನಿನಗೆ ಗೊತ್ತಿಲ್ಲ, ನಲವತ್ತೊಂದು ವರ್ಷ ಬಟ್ಟೆ ಹೊಲಿದವಳು ನಾನು.
ಒಬ್ಬ ಮದುಮಗಳ ಸೊಂಟ
ನಾಲ್ಕೇ ವಾರದಲ್ಲಿ ಎರಡು ಸಲ ಬಿಚ್ಚಿ ಹೊಲಿದೆ.
ಯಾಕೆಂದು ಇಡೀ ಬೀದಿಗೆ ಗೊತ್ತು,
ಬಿಲ್ಲಿನಲ್ಲಿ ಬರೆಯುವುದು ಹೇಗೆ?
ನಾನೂ ಬರೆದಿದ್ದೆ: ಇತರೆ.
ಅವಳ ತಾಯಿ ಚೀಟಿಯನ್ನು ಕಿಟಕಿ ಬೆಳಕಿಗೆ ಹಿಡಿದಳು,
ಕಳ್ಳನೋಟು ಪರೀಕ್ಷಿಸುವವಳ ಹಾಗೆ,
ಅರ್ಧ ಕೊಟ್ಟಳು.
ಆ ಅರ್ಧ ಇನ್ನೂ ನನ್ನ ಹಲ್ಲಿಗೆ ಸಿಕ್ಕಿಕೊಂಡೇ ಇದೆ.

ಆದರೆ ನಾನು ಎರಡು ಗೆರೆ ಎಳೆದಿರಲಿಲ್ಲ, ಅದೆರಿತು.

ಭಾನುವಾರ, ಸಿಂಕಿನ ಹಿಂದೆ, ನೀನು ಮರೆತ ರಸಮಟ್ಟ ಸಿಕ್ಕಿತು.
ಹಳದಿ ಬಣ್ಣ, ಹಸಿರು ನೀರು, ಒಳಗೊಂದು ಗುಳ್ಳೆ.
ಒತ್ತೆ ಇಟ್ಟುಕೊಳ್ಳುವುದೆಂದು ತೀರ್ಮಾನಿಸಿದೆ.
ಸುಮ್ಮನಿರಲಾಗದೆ ಮೇಜಿನ ಮೇಲಿಟ್ಟೆ:
ಗುಳ್ಳೆ ಓಡಿ ಎಡಕ್ಕೆ ಅಂಟಿಕೊಂಡಿತು.
ಕಪಾಟು, ಎಡಕ್ಕೆ. ಕಿಟಕಿಯ ಹಲಗೆ, ಎಡಕ್ಕೆ.
ಮಂಚ?
ಅದೂ ಇಳಿಜಾರು, ತೀರಿಹೋದವನ ಬದಿಗೆ.
ಹನ್ನೊಂದು ವರ್ಷದಿಂದ ಬೆಳಿಗ್ಗೆ ನಾನು ಅಲ್ಲೇ ಏಳುತ್ತಿದ್ದೆ,
ದುಃಖ ಎಂದುಕೊಂಡಿದ್ದೆ.

ಇಡೀ ಮನೆಯಲ್ಲಿ ಗುಳ್ಳೆ ನಡುವೆ ನಿಂತದ್ದು
ನೀನು ಮತ್ತೆ ಕೂರಿಸಿದ ಸಿಂಕಿನ ಅಂಚಿನಲ್ಲಿ ಮಾತ್ರ.
ಇದನ್ನು ನಿನಗೆ ಹೇಳಬಾರದು ಅಂದುಕೊಂಡೆ.

ಮಂಗಳವಾರ ಬಂದೆ, ಟೋಪಿ ಕೈಯಲ್ಲಿ.
ಮೊದಲು ಇತರೆ ಹೇಳು, ಆಮೇಲೆ ರಸಮಟ್ಟ, ಅಂದೆ.
ಗಾಡಿಗೆ ದಂಡ ಬಿತ್ತು, ಅಂದೆ ನೀನು,
ನಿಮ್ಮ ಬೀದಿಯಲ್ಲಿ, ನಿಮ್ಮ ನಲ್ಲಿಯ ಕೆಳಗೆ ನಾನು ಮಲಗಿದ್ದಾಗ.
ಅದು ನನ್ನ ತಪ್ಪೇ?
ನನ್ನದೂ ಅಲ್ಲ. ಬೀದಿ ಕಿರಿದು.
ಬೀದಿಗೇ ಬಿಲ್ಲು ಕಳಿಸಬೇಕಿತ್ತು ಹಾಗಾದರೆ.
ನೀನು ನಕ್ಕೆಯೋ ಕೆಮ್ಮಿದೆಯೋ ತಿಳಿಯಲಿಲ್ಲ.

ನಿನ್ನ ಕೋಟಿನ ಜೇಬು ಹರಿದಿತ್ತು.
ಸಾಮಾನು ಕಂಡಕಂಡಲ್ಲಿ ಉದುರುವುದು ಇದಕ್ಕೇ,
ಬಿಚ್ಚು ಇಲ್ಲಿ, ಅಂದೆ.
ಹೊಲಿದೆ. ಒಳಗಿನಿಂದ ಎರಡು ಸುತ್ತು, ಹೊರಗೆ ಕಾಣದ ಹಾಗೆ.
ಎಷ್ಟಾಯಿತು, ಕೇಳಿದೆ ನೀನು.
ನಾನು ಬಾಯಿ ತೆರೆಯುವುದರೊಳಗೆ
ಎರಡು ಯೂರೋ ನಾಣ್ಯ ಮೇಜಿಗೆ ಒಗೆದೆ.
ಅದು ಅಂಚಿನ ಮೇಲೆ ನಿಂತಿತು, ಯೋಚಿಸಿತು,
ಎಡಕ್ಕೆ ಉರುಳುತ್ತ ಹೋಗಿ
ಫ್ರಿಜ್ಜಿನ ಕೆಳಗೆ ಸೇರಿತು.

ಇಬ್ಬರೂ ನೋಡುತ್ತ ನಿಂತೆವು.
ನಿನಗೆ ಸೊಂಟ, ನನಗೆ ಮಂಡಿ.
ಯಾರೂ ಬಗ್ಗಲಿಲ್ಲ.